ಪಕ್ಕದ ಮನೆಯ ಮಹಜರು

"ಒಸಿ ಇಲ್ಲೊಂದು ಸೈನ್ ಹಾಕ್ಬುಡಿ ಅಜ್ಜಿ, ಆಮೇಲೆ ನಾವು ಬರ್ಕತೀವಿ" ಎಂದು ಕಾನ್‌ಸ್ಟೆಬಲ್ ಖಾಲಿ ಹಾಳೆಯೊಂದನ್ನು ನನ್ನ ಮುಂದೆ ಹಿಡಿದ. ಚನ್ನಪಟ್ಟಣದಲ್ಲಿ ನಮ್ಮ ಪಕ್ಕದ ಮನೆ ಗೊಂಬೆ ಕೆಲಸದ ಫಾತಿಮಾಳದು. ಹಿಂದೆ ಅಲ್ಲಿ ಬಾಡಿಗೆಗಿದ್ದವನು ಬೈಕ್ ಕದ್ದನಂತೆ. ಪೊಲೀಸರು ಮನೆಯನ್ನೆಲ್ಲ ಸರ್ಚ್ ಮಾಡಿ, ಮಹಜರಿಗೆ ಸಾಕ್ಷಿಯಾಗಿ ನನ್ನನ್ನು ಕರೆದಿದ್ದರು.

ಸಿಕ್ಕಿದ್ದು ಬಣ್ಣ ಹಚ್ಚದ ಮರದ ಗೊಂಬೆಗಳು ಮಾತ್ರ. ಆದರೂ ಫಾತಿಮಾಳ ಮಗಳು ನಾಜಿಯಾಳ ಮೊಬೈಲ್ ಕಾನ್‌ಸ್ಟೆಬಲ್ ಜೇಬಿನಲ್ಲಿತ್ತು. ಕಾಲೇಜು ಹುಡುಗಿ, ಅವಳ ಫೋಟೊ, ಗೆಳತಿಯರ ಮೆಸೇಜು ಎಲ್ಲ ಅದರಲ್ಲೇ. ಪಾಪ, ಆ ಜೇಬನ್ನೇ ನೋಡುತ್ತ ನಿಂತಿದ್ದಳು.

ಸರ್ಚು, ಪ್ರೈವೆಸಿ ಅಂತ ಕೋರ್ಟ್ ತೀರ್ಪು ಬಂದಾಗಲೆಲ್ಲ ಪೇಪರಿನಲ್ಲಿ ಬಿಡದೆ ಓದುವವಳು ನಾನು. "ನೋ ನೋ, ಬ್ಲಾಂಕ್ ಪೇಪರಿಗೆ ಸೈನ್ ಹಾಕಲ್ಲ. ಮೊದಲು ಬರಿಯಪ್ಪಾ. ಆ ಮೊಬೈಲನ್ನೂ ಬರಿ, ಯಾಕೆ ತಗೊಂಡೆ ಅಂತಲೂ ಬರಿ" ಅಂದೆ.

ಅವನು ಸಬ್ ಇನ್‌ಸ್ಪೆಕ್ಟರ್ ಮುಖ ನೋಡಿದ. ಅವರು ನಕ್ಕುಬಿಟ್ಟರು. "ಏನಂತ ಬರೀತೀಯ? ಕೊಟ್ಬುಡ್ಲಾ, ಈ ಅಜ್ಜಿ ಬುಡೋ ಪೈಕಿ ಅಲ್ಲ."

ಮೊಬೈಲ್ ನಾಜಿಯಾಳ ಕೈ ಸೇರಿತು. ಏನೂ ಸಿಗಲಿಲ್ಲವೆಂದು ಬರೆದ ಮಹಜರನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ ಸೈನ್ ಹಾಕಿದೆ.

ಮದುವೆ ರಿಜಿಸ್ಟರು, ಬ್ಯಾಂಕ್ ಫಾರಂ, ಅಣ್ಣಂದಿರಿಗೆ ಆಸ್ತಿ ಬಿಟ್ಟುಕೊಟ್ಟ ಪತ್ರ, ಎಲ್ಲದರಲ್ಲೂ ಬೇರೆಯವರು ಬೆರಳಿಟ್ಟು ತೋರಿಸಿದ ಜಾಗದಲ್ಲಿ ನನ್ನ ಚೆಂದದ ಕಾನ್ವೆಂಟ್ ಅಕ್ಷರದ ಸೈನ್ ಇದೆ. ಈ ಎಪ್ಪತ್ತಾರನೇ ವಯಸ್ಸಿನಲ್ಲಿ, ಫಸ್ಟ್ ಟೈಮ್, ಓದಿ ಹಾಕಿದೆ.