ಗಾಳಿಯಲ್ಲಿ ಕುಳಿತ ಗಿಳಿ

ಐವತ್ತರ ದಶಕದ ಕೊನೆಯಲ್ಲಿ ಶಿಗ್ಗಾಂವಿಯಲ್ಲಿ ನಾಟಕದ ಪರದೆ ಬರೆಯುವವನು ನಾನೊಬ್ಬನೇ. ಹಾಗಾಗಿ ನಾನೇ ಶ್ರೇಷ್ಠ. ಹಾಳೂರಿಗೆ ಉಳಿದವನೇ ಗೌಡ ಎಂದು ಯಾರಾದರೂ ಅಂದರೆ, ಆ ಮಾತು ಬೇರೆಯವರಿಗಿರಬೇಕು ಎಂದುಕೊಳ್ಳುತ್ತಿದ್ದೆ.

ತಿಳವಳ್ಳಿಯ ಹುಡುಗರು ತಮ್ಮ ನಾಟಕಕ್ಕೆ ಅರಮನೆಯ ಪರದೆ ಬೇಕೆಂದರು. ಒಪ್ಪಿಕೊಂಡೆ. ನಾನು ಅರಮನೆ ಕಂಡವನಲ್ಲ. ಸವಣೂರಿನಲ್ಲಿ ಪರದೆ ಬರೆಯುವ ಹಿರಿಯರೊಬ್ಬರಿದ್ದರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಅವರ ಅರಮನೆಯ ಪರದೆ ಕಟ್ಟಿದ್ದ ನಾಟಕವೊಂದು ಹಿರೇಕೆರೂರಿನಲ್ಲಿತ್ತು. ಹೋಗಿ ಮುಂದಿನ ಸಾಲಿನಲ್ಲೇ ಕುಳಿತೆ. ನಾಟಕದಲ್ಲಿ ಯಾರು ಸತ್ತರೋ ಇಂದಿಗೂ ಗೊತ್ತಿಲ್ಲ. ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಕಂಬ, ಕಮಾನು, ಮೆಟ್ಟಿಲು ಎಲ್ಲ ಇಳಿಸಿಕೊಂಡೆ. ಎರಡು ಕಂಬಗಳ ನಡುವೆ, ಟೊಂಗೆಯೂ ಇಲ್ಲದೆ ಪಂಜರವೂ ಇಲ್ಲದೆ, ಒಂದು ಗಿಳಿ ಕುಳಿತಿತ್ತು. ದೊಡ್ಡವರು ಬರೆದದ್ದು, ಏನೋ ಗೂಢಾರ್ಥ ಇರಬೇಕು ಎಂದು ಅದನ್ನೂ ಬಿಡಲಿಲ್ಲ.

ತಿಳವಳ್ಳಿಯ ನಾಟಕಕ್ಕೆ ಚಾಚಾ ಬಂದರು. ಅವರು ಹೂಂ ಅಂದರೆ ನಾಲ್ಕು ತಾಲೂಕಿನ ಪರದೆ ನನ್ನವು, ಇಲ್ಲವಾದರೆ ಮತ್ತೆ ಅಪ್ಪನ ಎತ್ತಿನ ಬಾಲ. ಅವರು ನನ್ನ ಪರದೆಯ ಗಿಳಿಯನ್ನೇ ನೋಡುತ್ತ ನಿಂತರು. ಆಮೇಲೆ ಪರದೆಯ ಹಿಂದೆ ಹೋಗಿ, ಗಿಳಿ ಇದ್ದ ಜಾಗದಲ್ಲಿ ಕೈಯಾಡಿಸಿದರು.

"ತಮ್ಮಾ, ನನ್ನ ಪಡದೆ ಇಲಿ ಕಡದಿತ್ತು. ತ್ಯಾಪಿ ಹಚ್ಚಿ, ಅದು ಕಾಣಬಾರದಂತ ಮ್ಯಾಲೆ ಗಿಳಿ ಬರದೆ. ನಿನ್ನ ಪಡದೆ ಅರಿವಿ ಹೊಸಾದೈತಲ್ಲ, ನಿನಗ್ಯಾಕ ಬೇಕಾತು ಗಿಳಿ?"

ಬಣ್ಣ ಹಚ್ಚಿಕೊಂಡು ನಿಂತಿದ್ದ ರಾಜ ನಕ್ಕ. ರಾಣಿಯ ಪಾತ್ರದವನಂತೂ ಸೆರಗು ಬಾಯಿಗೊತ್ತಿಕೊಂಡು ನಕ್ಕ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಸಿಟ್ಟೆಲ್ಲ ಇಲಿಯ ಮೇಲೆ.

ಒಂದು ವರ್ಷ ಎತ್ತಿನ ಬಾಲವನ್ನೇ ಹಿಡಿದೆ. ಆಮೇಲೆ ಹಾನಗಲ್ಲಿನವರು, ಬೇರೆ ಯಾರೂ ಸಿಗದೆ, ಅರಮನೆ ಬರೆದುಕೊಡು ಎಂದು ಬಂದರು. ಪರದೆ ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ನನ್ನದೇ ಬೀಡಿಯ ಕಿಡಿ ಸಿಡಿದು ಅರಮನೆಯ ಮಾಳಿಗೆಗೆ ತೂತು ಬಿತ್ತು. ತೇಪೆ ಹಚ್ಚಿದೆ. ಕೈ ತನ್ನಷ್ಟಕ್ಕೆ ತಾನೇ ಹಸಿರು ಬಣ್ಣಕ್ಕೆ ಹೋಯಿತು, ಗಿಳಿ ಬರೆಯಲು. ಎದುರಿಗೆ ನಮ್ಮ ಮಾಳಿಗೆಯ ಮೇಲೆ ಅವ್ವ ಹಬ್ಬಿಸಿದ್ದ ಕುಂಬಳಬಳ್ಳಿ ಕಂಡಿತು. ಅದನ್ನೇ ಹೂವಿನ ಸಮೇತ ರಾಜನ ಮಾಳಿಗೆಗೆ ಹತ್ತಿಸಿದೆ.

ಅದನ್ನು ನೋಡಲೂ ಚಾಚಾ ಬಂದರು. ಬಳ್ಳಿಯ ಎದುರು ಬಹಳ ಹೊತ್ತು ನಿಂತು, ಮತ್ತೆ ಹಿಂದೆ ಹೋಗಿ ಕೈಯಾಡಿಸಿದರು. ಬೆರಳಿಗೆ ತೇಪೆ ಸಿಕ್ಕಿತು.

"ಅಡ್ಡಿಯಿಲ್ಲ," ಅಂದರು. "ಈ ಸಲ ತೂತಾರ ನಿಂದ ಐತಿ."