ಹಸು ತಿಂದ ಎಲೆ

ಮಗಳು ಇನ್ನು ಮಗುವನ್ನು ಎತ್ತಿಕೊಳ್ಳಬಹುದು ಎಂದುಬಿಟ್ಟರು ಆಸ್ಪತ್ರೆಯವರು. ಎತ್ತಿಕೊಳ್ಳಬಹುದು, ಮುದ್ದಾಡಬಹುದು, ಪಕ್ಕದಲ್ಲೇ ಮಲಗಿಸಿಕೊಳ್ಳಬಹುದು. ಕೇಳಿ ನಾನು ಬೆಂಚಿನ ಮೇಲೆ ಕೂತಲ್ಲೇ ಅತ್ತುಬಿಟ್ಟೆ. ಐದನೇ ಕ್ಲಾಸೂ ಮುಗಿಸದವನು ನಾನು, ಬರೆಯುವುದು ನಿಧಾನ. ಆದರೂ ಆ ದಿನವನ್ನು ಬರೆಯದೆ ಇರಲಾರೆ.

ಮಗಳ ಗಂಟಲಿನ ಗಡ್ಡೆಗೆ ಆಪರೇಷನ್ ಆದ ಮೇಲೆ ವಿಕಿರಣ ಇರುವ ಔಷಧಿ ಕೊಟ್ಟಿದ್ದರು. ಕೆಲವು ದಿನ ಅವಳ ಬೆವರು, ಎಂಜಲಿನಲ್ಲೆಲ್ಲ ಅದರ ಅಂಶ ಇರುತ್ತದೆ, ಮಕ್ಕಳು ಹತ್ತಿರ ಸುಳಿಯಬಾರದು ಎಂದರು. ಎರಡು ವರ್ಷದ ಮೊಮ್ಮಗಳನ್ನು ಅಳಿಯ ಮಗ್ಗೆ ಊರಿನ ತನ್ನ ಮನೆಗೆ ಕರೆದುಕೊಂಡು ಹೋದ. ಮಗಳು ಪಾಳ್ಯದಲ್ಲಿ, ನಮ್ಮ ಮನೆ ಹಿಂದೆ ಕಾಫಿ ಮೂಟೆ ಇಡುವ ಸ್ಟೋರಿನಲ್ಲಿ ಒಬ್ಬಳೇ ಉಳಿದಳು.

ಅವಳು ಬಳಸಿ ಬಿಸಾಡಿದ್ದನ್ನೆಲ್ಲ ಚೀಲದಲ್ಲಿ ಕಟ್ಟಿ, ಯಾರೂ ಹೋಗದ ಮೂಲೆಯಲ್ಲಿ ಅವರು ಹೇಳಿದಷ್ಟು ದಿನ ಇಡಬೇಕಿತ್ತು. ಸುಡಬಾರದು, ಹೊಳೆಗೆ ಹಾಕಬಾರದು. ಆಸ್ಪತ್ರೆಯಲ್ಲೂ ಅಂಥವರ ಕಕ್ಕಸಿನ ನೀರನ್ನು ತೊಟ್ಟಿಯಲ್ಲಿ ತುಂಬಿಟ್ಟು ಕಾಯುತ್ತಾರಂತೆ. ಇದು ನನಗೆ ತಟ್ಟನೆ ಅರ್ಥವಾಯಿತು. ಕಾಫಿ ಹಣ್ಣಿನ ಸಿಪ್ಪೆಯನ್ನು ಹಸಿಯಾಗಿ ಬುಡಕ್ಕೆ ಹಾಕಿದರೆ ಗಿಡ ಸುಡುತ್ತದೆ. ಗುಂಡಿಯಲ್ಲಿ ಬಿಟ್ಟರೆ ಕಾವು ತಾನಾಗಿ ಇಳಿಯುತ್ತದೆ. ಕಾಯುವುದೇ ಕೆಲಸ. ಆ ಕೆಲಸ ನನ್ನದು ಎಂದೆ.

ತಪ್ಪೂ ನನ್ನದೇ. ಹೆಂಡತಿ ಅವಳಿಗೆ ಬಾಳೆ ಎಲೆಯಲ್ಲಿ ಊಟ ಕೊಡುತ್ತಿದ್ದಳು. ಉಂಡ ಎಲೆ ಹಸುವಿಗೆ ಹಾಕಿ ಹಾಕಿ ಅಭ್ಯಾಸವಾದ ಕೈ. ಒಂದು ಮಧ್ಯಾಹ್ನ ಏನೋ ಯೋಚಿಸುತ್ತಾ ಮಗಳ ಎಲೆಯನ್ನೂ ಗೋದಲಿಗೆ ಹಾಕಿದೆ. ನೆನಪಾಗಿ ಓಡಿದರೆ, ಹಸು ನಾರೂ ಬಿಡದೆ ತಿಂದು ನನ್ನ ಮುಖ ನೋಡುತ್ತಿತ್ತು.

ಯಾರಿಗೂ ಹೇಳಲಿಲ್ಲ. ಅಂದಿನಿಂದ ಹಾಲು ಕರೆದು ಸಿಪ್ಪೆ ಗುಂಡಿಗೆ ಸುರಿದೆ. ಹಸು ಒದೆಯುತ್ತಿದೆ, ಹಾಲಿಲ್ಲ ಎಂದು ಹೆಂಡತಿಗೆ ಸುಳ್ಳು ಹೇಳಿದೆ.

"ನಂಗೂ ಒದೆಯೋ ಹಂಗಾಗೈತೆ" ಎಂದು ಅವಳು ಹಾಲಿಲ್ಲದ ಕಾಫಿಯ ಲೋಟ ಕುಕ್ಕುತ್ತಿದ್ದಳು.

ಮಗಳನ್ನು ಆಸ್ಪತ್ರೆಗೆ ತೋರಿಸುವ ದಿನ ಬಂತು. ಎಲೆಯ ವಿಷಯ ಹೇಳಿದರೆ ಮಗುವನ್ನು ಇನ್ನಷ್ಟು ದಿನ ದೂರ ಇಡಿ ಎನ್ನುತ್ತಾರೇನೋ. ಹೇಳದಿದ್ದರೆ ಮೊಮ್ಮಗಳು ಬಂದು ಆ ಹಾಲನ್ನೇ ಕುಡಿಯಬೇಕು. ಬೆಳಿಗ್ಗೆ ಕರೆದ ಹಾಲನ್ನು ಬಾಟಲಿಗೆ ತುಂಬಿಕೊಂಡು ಮಗಳ ಜೊತೆ ಹೊರಟೆ. ಸಕಲೇಶಪುರದಲ್ಲಿ ಬಸ್ಸು ಬದಲಿಸಿ ಘಾಟಿ ಇಳಿಯುವಷ್ಟರಲ್ಲಿ ಹಾಲು ಒಡೆದಿತ್ತು.

ಆಸ್ಪತ್ರೆಯಲ್ಲಿ ವಿಕಿರಣ ಅಳೆಯುವ ಹೆಣ್ಣುಮಗಳು ಮಗಳ ಕತ್ತಿನ ಹತ್ತಿರ ಮೀಟರು ಹಿಡಿದು ಏನೋ ಬರೆದುಕೊಂಡಳು. ನಾನು ಬಾಟಲಿಯನ್ನು ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ.

"ಅಪ್ಪಾ, ಪಾಪದ ಹಸೂಗೆ ಅವ್ವನ ಕೈಲಿ ದಿನಾ ಬೈಸ್‌ಬುಟ್ಯಲ್ಲ" ಎಂದಳು ಮಗಳು.

ಒಂದು ಎಲೆಯ ಎಂಜಲಿನಲ್ಲಿ ಅಷ್ಟೇನೂ ಇರುವುದಿಲ್ಲ, ಆದರೂ ಹಾಲು ನಿಲ್ಲಿಸಿದ್ದು ಒಳ್ಳೆಯದೇ ಆಯಿತು ಎಂದು ಆ ಹೆಣ್ಣುಮಗಳು ಬಾಟಲಿಗೂ ಮೀಟರು ಹಿಡಿದಳು. "ಇದ್ರಲ್ಲೇನಿಲ್ಲ ಅಜ್ಜ, ಹಾಲು ಒಡೆದಿದೆ ಅಷ್ಟೆ. ಮಗೂನ ಕರೆಸ್ಕೊಳ್ಳಿ."

ಎಸ್‌ಟಿಡಿ ಬೂತಿನಿಂದ ಅಳಿಯನಿಗೆ ಸುದ್ದಿ ಮುಟ್ಟಿಸಿದೆವು. ನಾವು ಮನೆ ಸೇರುವಾಗ ಮೊಮ್ಮಗಳು ಜಗಲಿಯಲ್ಲಿದ್ದಳು. ಅಮ್ಮನನ್ನು ನೋಡಿ ಮೊದಲು ಅಪ್ಪನ ಕಾಲ ಹಿಂದೆ ಅಡಗಿದಳು. ಮಗಳು ಕರೆಯಲಿಲ್ಲ, ಸುಮ್ಮನೆ ನೆಲದ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಮಗು ತಾನೇ ಬಂದು ಮಡಿಲು ಹತ್ತಿತು.

ಸಂಜೆ ಕಡುಬು, ಅವರೆಕಾಳು ಸಾರು. ಐದೂ ಜನ ಒಟ್ಟಿಗೆ ಕೂತೆವು. ಮೊಮ್ಮಗಳು ತನ್ನ ತಟ್ಟೆಯನ್ನು ಆಚೆ ತಳ್ಳಿ, ಅಮ್ಮನ ತಟ್ಟೆಯಿಂದ ಕಡುಬು ಮುರಿದು ಒಂದು ತುತ್ತು ತಾನು ತಿಂದು, ಒಂದು ತುತ್ತು ಅಮ್ಮನ ಬಾಯಿಗೆ ಇಡುತ್ತಿದ್ದಳು. ಅದನ್ನು ನೋಡುತ್ತಾ ನಾನು ಎಷ್ಟು ಕಡುಬು ತಿಂದೆನೋ ಲೆಕ್ಕವಿಲ್ಲ.