ತೊಳೆದ ಬಟ್ಟೆಯ ಮಾದರಿ

ಮಾಲು ನೋಡುವ ಕಣ್ಣಿನಿಂದ ನೋಡಿದರೆ ಟೇಪಕ್ಕನಲ್ಲಿ ಕೊಳ್ಳುವಂಥದ್ದೇನೂ ಕಾಣದು: ಐದಡಿಗೆ ಎರಡು ಬೆರಳು ಕಮ್ಮಿ ಎತ್ತರ, ಮೂಗಿನ ತುದಿಗೆ ಜಾರುವ ಕನ್ನಡಕ, ಕೊರಳಲ್ಲಿ ಅಳತೆಯ ಟೇಪು. ಆದರೆ ನಾನು ನಡೆಸುವ ಉಡುಪಿನ ಕಂಪನಿಯಲ್ಲಿ ಯಾವ ಹೊಸ ಅಂಗಿಗೂ ಮೊದಲ ಮಾದರಿ ಹೊಲಿಯುವವಳು ಆಕೆಯೇ. ಗಿರಾಕಿ ಅದನ್ನು ಒಪ್ಪಿದ ಮೇಲೆ ಅದೇ ಅಳತೆಯಲ್ಲಿ ಸಾವಿರಾರು ಅಂಗಿ ತಯಾರಾಗುತ್ತವೆ.

ಅಂದು ಬೆಳಿಗ್ಗೆ ಕಟಿಂಗ್ ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸಿದ್ದರು. ದಾಟಿ ಹೋಗುತ್ತ ಟೇಪಕ್ಕ ಸುಮ್ಮನೆ ಮುಟ್ಟಿ ನೋಡಿದಳು. ಬಟ್ಟೆ ಗಡುಸಾಗಿತ್ತು. ಮಾದರಿಗೆ ತಾನು ಬಳಸಿದ್ದು ತೊಳೆದು ಒಣಗಿಸಿದ ತುಂಡು. ಅದನ್ನು ಮಾದರಿಯ ಜೊತೆ ಕಟಿಂಗಿಗೆ ಕಳಿಸುವ ಚೀಟಿಯಲ್ಲಿ ಬರೆಯಲು ಮರೆತಿದ್ದಳು. ತೊಳೆಯದ ಈ ಬಟ್ಟೆಯನ್ನು ಅದೇ ಅಳತೆಗೆ ಕತ್ತರಿಸಿದರೆ ಮೊದಲ ಒಗೆತಕ್ಕೇ ಅಂಗಿ ಕುಗ್ಗಿ, ಗುಂಡಿ ಹಾಕಲೂ ಬಾರದು.

ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಆಕೆಗಿಂತ ಮುಂಚೆ ಇದ್ದ ಟೈಲರನ್ನು ಇದಕ್ಕಿಂತ ಸಣ್ಣ ತಪ್ಪಿಗೆ ನಾನೇ ಮನೆಗೆ ಕಳಿಸಿದ್ದೆ. ಅದು ಆಕೆಗೆ ಗೊತ್ತಿತ್ತು. ಅಷ್ಟರಲ್ಲಿ ಕಟಿಂಗ್ ಮಾಸ್ಟರು ಯಂತ್ರ ಕೈಗೆತ್ತಿಕೊಂಡರು.

“ನಿಲ್ಸಿ ಮಾಸ್ಟ್ರೇ!”

“ಯಾಕಕ್ಕಾ, ಮುಖ ಹಿಂಗೆ ಬಿಳುಚಿದೆ? ದೆವ್ವ ನೋಡಿದ್ರಾ?”

“ದೆವ್ವ ಆಗಿದ್ರೆ ಓಡಿ ಹೋಗ್ತಿದ್ದೆ. ತಪ್ಪು ನಂದೇ. ಧಣಿಗಳನ್ನ ಕರೀರಿ.”

ನನ್ನೆದುರು ನಿಂತಾಗ ಆಕೆ ಕೊರಳ ಟೇಪನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದಳು. ಆದರೂ ಒಂದನ್ನೂ ಮುಚ್ಚಿಡದೆ ಹೇಳಿದಳು. ಆ ಸಾವಿರಾರು ಅಂಗಿ ವಾಪಸು ಬಂದಿದ್ದರೆ ಕಂಪನಿಯೇ ಮುಳುಗುತ್ತಿತ್ತು ಎಂದು ಲೆಕ್ಕ ಹಾಕಿದ ನಾನು ಬೈಯಲಿಲ್ಲ. ಅಳತೆ ತಿದ್ದಿ ಮಧ್ಯಾಹ್ನ ಕತ್ತರಿಸಿದೆವು.

ಟೇಪಕ್ಕ ಇಂದಿಗೂ ಅದೇ ಕುರ್ಚಿಯಲ್ಲಿದ್ದಾಳೆ. ಈ ಕಂಪನಿ ಉಳಿದದ್ದು ಆಕೆ ಹೆದರಿಯೂ ಆಡಿದ ಆ ಮಾತಿನಿಂದ. ಆ ಋಣ ನನ್ನ ಮೇಲಿದೆ.